ಎಲ್ಲಾ ದೇವರ ಪ್ರಸಾದನೂ ನಾನೇ ತಿಂದೆ

(ನಮ್ಮ ತಾಲ್ಲೂಕಿನ ಮೇಷ್ಟ್ರುಗಳ ಒಂದು ಕಾರ್ಯಕ್ರಮದಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದೀನಿ, ಮೈಕ್ ಕೈಕೊಟ್ಟ ಕಡೆ ನೆನಪಿನಿಂದ ಸೇರಿಸಿದ್ದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ.)

ಎಲ್ರಿಗೂ ನಮಸ್ಕಾರ. ನಂಬಿಕೆ ಬಗ್ಗೆ ಮಾತಾಡೋಕೆ ನನ್ನ ಕರೆದಿದ್ದಾರೆ ಅಂತ ಗೊತ್ತಾಗಿ ನನ್ನ ಹಳೇ ಸ್ಟೂಡೆಂಟ್ ಒಬ್ಬ ಫೋನ್ ಮಾಡಿ, ಸಾರ್, ಇನ್ವಿಟೇಶನ್ ಏನಾದ್ರೂ ತಪ್ಪು ಪ್ರಿಂಟ್ ಆಗಿದ್ಯಾ ಅಂತ ಕೇಳ್ದ. ಅವನು ಕೇಳಿದ್ದು ಸರಿಯಾಗೇ ಇದೆ. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನಕ್ಕೆ ನಾನು ಪವಾಡ ಬಯಲು ಮೇಷ್ಟ್ರು ಅಂತಾನೇ ಪರಿಚಯ. ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡ್ಕೊಂಡು, ಬಿಡುವಾದಾಗೆಲ್ಲ ಬ್ಯಾಗ್ ಹಾಕ್ಕೊಂಡು ಹಳ್ಳಿಗಳಿಗೆ ಹೋಗಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ತುಪ್ಪ ಅಂತ ಹೇಳಿ ಗ್ಲಿಸರಿನ್ ಸುರಿದು ಬೆಂಕಿಕಡ್ಡಿ ಇಲ್ದೆ ಹೋಮ ಹೊತ್ತಿಸಿ, ನಾಲಿಗೆ ಮೇಲೆ ಕರ್ಪೂರ ಉರಿಸಿ ತೋರಿಸಿ, ಆಮೇಲೆ ಇದ್ರಲ್ಲಿ ಏನೂ ಇಲ್ಲ ಕಣ್ರಪ್ಪ ಅಂತ ಬಿಡಿಸಿ ಹೇಳ್ತಿದ್ದೋನು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಅಂತ ಸಮಿತಿ ಮಾಡಿದ್ರಲ್ಲ, ಆ ಗಾಳಿ ಕುಡಿದು ಬೆಳೆದೋರು ನಾವು. ಆ ಬ್ಯಾಗು ಈಗ್ಲೂ ನಮ್ಮನೇಲಿದೆ, ಈ ವರ್ಷಾನೂ ಸ್ಕೂಲಲ್ಲಿ ಹೋಮ ಹೊತ್ತಿಸಿದ್ದೀನಿ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮೇಷ್ಟ್ರು ಮಗಳ ಕಾಯಿಲೆಗೆ ಹೆದರಿ ದೇವರ ಕಡೆ ಜಾರಿಬಿಟ್ರು ಅಂತ ಊರಲ್ಲಿ ಒಂದು ಮಾತು ಓಡಾಡ್ತಿದೆ, ಅದು ನನ್ನ ಕಿವಿಗೂ ಬಿದ್ದಿದೆ.

ಮಗಳಿಗೆ ಆರು ವರ್ಷ ಆಗಿತ್ತು. ಜ್ವರ ಬರೋದು ಹೋಗೋದು, ಕಾಲು ನೋವು ಅಂತ ರಾತ್ರಿ ಅಳೋದು, ಬೆಳೆಯೋ ಮಕ್ಳಿಗೆ ಇರುತ್ತೆ ಬಿಡಿ ಅಂತ ಎಲ್ರೂ ಅಂದ್ರು. ತೊಡೆ ಮೇಲೆ ಎಲ್ಲೂ ಬೀಳದೇನೇ ನೀಲಿ ನೀಲಿ ಕಲೆ. ಊರಿನ ಲ್ಯಾಬಲ್ಲಿ ರಕ್ತ ಕೊಟ್ವಿ, ಲ್ಯಾಬ್ ಹುಡುಗ ರಿಪೋರ್ಟ್ ಕೊಡೋವಾಗ ನನ್ನ ಮುಖ ನೋಡ್ಲಿಲ್ಲ, ಅವನೂ ನನ್ನ ಸ್ಟೂಡೆಂಟೇ. ಎಎಲ್‌ಎಲ್ ಅಂತಾರೆ, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಒಂಥರ ರಕ್ತದ ಕ್ಯಾನ್ಸರ್, ಮಕ್ಳಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣೋದು ಇದೇ. ಬೆಂಗಳೂರಿಗೆ ಹೋದ್ವಿ. ಸರ್ಕಾರಿ ನೌಕರ ಆಗಿದ್ರಿಂದ ಆಸ್ಪತ್ರೆ ಖರ್ಚಿಗೆ ಜ್ಯೋತಿ ಸಂಜೀವಿನಿ ಸ್ಕೀಮ್ ಇತ್ತು, ದುಡ್ಡಿನ ಕಥೆ ಹೇಳಿ ನಿಮ್ಮನ್ನ ಅಳಿಸಲ್ಲ, ನಮ್ಮ ಪಕ್ಕದ ಬೆಡ್ಡಿನೋರ ಮುಂದೆ ನಮ್ದು ಕಷ್ಟಾನೇ ಅಲ್ಲ.

ಟ್ರೀಟ್‌ಮೆಂಟ್ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಮುಂದಿನ ಮಾತು ಅರ್ಥ ಆಗಲ್ಲ. ಮೊದಲನೇ ತಿಂಗಳು ಇಂಡಕ್ಷನ್. ಆ ತಿಂಗಳಲ್ಲಿ ಬೋನ್ ಮ್ಯಾರೋದಲ್ಲಿರೋ ಕೆಟ್ಟ ಕಣಗಳನ್ನ ಹೊಡೆದು ಹಾಕ್ತಾರೆ, ಅದ್ರ ಜೊತೆ ಒಳ್ಳೇ ಕಣಗಳೂ ಹೋಗ್ತಾವೆ. ಆಮೇಲೆ ತಿಂಗಳುಗಟ್ಲೆ ಬೇರೆ ಬೇರೆ ಔಷಧಿ, ಬೆನ್ನುಹುರಿ ಹತ್ರ ಇಂಜೆಕ್ಷನ್ನು, ಕೊನೆಗೆ ಮೇಂಟೆನೆನ್ಸ್ ಅಂತ ಮನೇಲೇ ದಿನಾ ರಾತ್ರಿ ಮಾತ್ರೆ. ಎಲ್ಲಾ ಸೇರಿ ಎರಡು ವರ್ಷದ ಮೇಲೆ ಹಿಡಿಯುತ್ತೆ. ಸ್ಟೀರಾಯ್ಡ್ ಕೊಡೋ ದಿನಗಳಲ್ಲಿ ಮಗು ಮುಖ ಊದ್ಕೊಂಡು, ಸಿಟ್ಟು ಮಾಡ್ಕೊಂಡು, ರಾತ್ರಿ ಎರಡು ಗಂಟೆಗೆ ಎದ್ದು ಊಟ ಕೇಳುತ್ತೆ. ನಮ್ಮವಳು ಮೇ ತಿಂಗಳಲ್ಲಿ ಅವರೆಕಾಳು ಸಾರು ಬೇಕು ಅಂತ ಹಠ ಹಿಡಿದ್ಲು. ಎಲ್ಲಿಂದ ತರೋದು ಹೇಳಿ ಸೊಗಡವರೆನ, ಮೇ ತಿಂಗಳಲ್ಲಿ? ನಮ್ಮನೆಯವಳು ಹೆಸರುಕಾಳು ಬೇಯಿಸಿ ಇದೇ ಅವರೆಕಾಳು ಅಂತ ಕೊಟ್ಲು. ಮಗಳು ಒಂದು ತುತ್ತು ತಿಂದು, ಅಪ್ಪಾ, ಅಮ್ಮ ಸುಳ್ಳು ಹೇಳ್ತಿದ್ದಾಳೆ ಅಂತ ನನಗೆ ಕಂಪ್ಲೇಂಟ್ ಮಾಡಿ, ಪೂರ್ತಿ ತಿಂದ್ಲು.

ಸರಿ, ಪ್ರಸಾದದ ವಿಷಯಕ್ಕೆ ಬರ್ತೀನಿ.

ಬಿಳಿ ರಕ್ತಕಣ ಕಡಿಮೆ ಆದಾಗ ಮಗುಗೆ ಇನ್‌ಫೆಕ್ಷನ್ ತಡೆಯೋ ಶಕ್ತಿ ಇರಲ್ಲ. ಎಎನ್‌ಸಿ ಅಂತ ಒಂದು ಕೌಂಟ್ ನೋಡ್ತಾರೆ, ಅದು 500ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಸಣ್ಣ ಜ್ವರಾನೂ ಎಮರ್ಜೆನ್ಸಿ. ಅದಕ್ಕೆ ವಾರ್ಡ್‌ನಲ್ಲಿ ರೂಲ್ಸು: ಕುದಿಸಿ ಆರಿಸಿದ ನೀರು, ಆಗ ತಾನೇ ಮಾಡಿದ ಬಿಸಿ ಅಡುಗೆ, ಹಸಿ ಹಣ್ಣು ತರಕಾರಿ ಬೇಡ, ಹೂವು ಒಳಗೆ ತರಂಗಿಲ್ಲ, ಹೊರಗಿನ ತೀರ್ಥ ಪ್ರಸಾದ ಬಾಯಿಗೆ ಹಾಕಂಗಿಲ್ಲ. ಸಿಸ್ಟರ್ ಒಬ್ರು ಇದ್ರು, ಭಾರಿ ಸ್ಟ್ರಿಕ್ಟು, ಮಗುವಿನ ಹಣೆಗೆ ವಿಭೂತಿ ಕಂಡ್ರೂ ಒರೆಸಿಬಿಡೋರು. ಅದೇ ಸಿಸ್ಟರ್ ಗುರುವಾರ ಡ್ಯೂಟಿ ಮುಗಿದ್ಮೇಲೆ ವಿವೇಕನಗರದ ಇನ್‌ಫೆಂಟ್ ಜೀಸಸ್ ಚರ್ಚಿಗೆ ಹೋಗಿ ವಾರ್ಡಿನ ಮಕ್ಕಳ ಹೆಸರಲ್ಲಿ ಮೇಣದಬತ್ತಿ ಹಚ್ಚಿ ಬರ್ತಿದ್ರು ಅಂತ ಆಮೇಲೆ ಗೊತ್ತಾಯ್ತು.

ಈಗ ಯೋಚನೆ ಮಾಡಿ. ಊರಿಂದ ನೋಡೋಕೆ ಬರೋರು ಬರಿಗೈಲಿ ಬರ್ತಾರಾ? ನಮ್ಮವ್ವ ಗೊರವನಹಳ್ಳಿ ಲಕ್ಷ್ಮಿ ಕುಂಕುಮ ಕಳಿಸಿದ್ರು. ಷಡ್ಡಕ ಯಡಿಯೂರು ಸಿದ್ಧಲಿಂಗೇಶ್ವರನ ಹತ್ರ ಪೂಜೆ ಮಾಡಿಸಿ ಬಾಳೆಹಣ್ಣು, ತೆಂಗಿನಕಾಯಿ ಹೋಳು ತಂದ. ಧರ್ಮಸ್ಥಳದ್ದು ಬಂತು, ತಿರುಪತಿ ಲಾಡು ಬಂತು, ಸಿದ್ದಗಂಗೆ ವಿಭೂತಿ ಬಂತು. ಯಾರ ಹತ್ರ ನಾನು ಸ್ಟಾಫ್‌ರೂಮಲ್ಲಿ ವರ್ಷಗಟ್ಲೆ ವಾದ ಮಾಡಿ ಮುಖ ಕೆಂಪು ಮಾಡ್ಕೊಂಡಿದ್ನೋ, ಆ ಸಂಸ್ಕೃತ ಮೇಷ್ಟ್ರು ಬಸ್ಸಲ್ಲಿ ನಿಂತ್ಕೊಂಡು ಬಂದು ಒಂದು ಸ್ಟೀಲ್ ಡಬ್ಬಿ ಕೊಟ್ರು, ಒಳಗೆ ಸಜ್ಜಿಗೆ. ಸತ್ಯನಾರಾಯಣ ಪೂಜೇದು. ಮಗಳಿಗೆ ಅಂತ. ಏನ್ ಮಾತಾಡ್ಲಿ ನಾನು? ಒಳಗೆ ಕೊಡಂಗಿಲ್ಲ ಸಾರ್ ಅಂದೆ. ಪರ್ವಾಗಿಲ್ಲ ನೀನ್ ತಿನ್ನು, ಮುಖ ನೋಡು ಹೆಂಗಾಗಿದೆ ಅಂದ್ರು. ಅಲ್ಲೇ ಕಾರಿಡಾರಲ್ಲಿ, ಕಸದ ಬುಟ್ಟಿ ಪಕ್ಕದ ಬೆಂಚಲ್ಲಿ ಕೂರಿಸಿ ತಿನ್ನಿಸಿದ್ರು. ತುಪ್ಪ ಜಾಸ್ತಿ ಇತ್ತು, ದ್ರಾಕ್ಷಿ ಉಬ್ಬಿತ್ತು, ಡಬ್ಬಿ ಮುಚ್ಚಳದೊಳಗೆ ಆವಿ ನೀರಾಗಿ ಕೂತಿತ್ತು. ಬೆಳಗ್ಗೆಯಿಂದ ನಾನೇನೂ ತಿಂದಿರ್ಲಿಲ್ಲ ಅನ್ನೋದು ತಿನ್ನೋಕೆ ಶುರು ಮಾಡಿದ್ಮೇಲೆ ನೆನಪಾಯ್ತು.

ಬಿಸಾಕೋಕೆ ಆಗಲ್ಲ ನೋಡಿ. ನಂಬಿಕೆ ಇರ್ಲಿ ಬಿಡ್ಲಿ, ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದನ್ನ ಡಸ್ಟ್‌ಬಿನ್‌ಗೆ ಹಾಕೋಕೆ ಕೈ ಬರಲ್ಲ. ಹಿಂಗಾಗಿ ಆ ಒಂದೆರಡು ವರ್ಷ ಕರ್ನಾಟಕದ, ಆಂಧ್ರದ ಎಲ್ಲಾ ದೇವರ ಪ್ರಸಾದನೂ ನಾನೇ ತಿಂದೆ. ಮಗಳು ಗೇಲಿ ಮಾಡೋಳು, ಅಪ್ಪ ನನ್ನ ಪ್ರಸಾದ ಎಲ್ಲಾ ನೀನೇ ತಿಂದು ದಪ್ಪ ಆದೆ ಅಂತ.

ನಮ್ಮ ಪಕ್ಕದ ಬೆಡ್ಡಲ್ಲಿ ಕಲಬುರಗಿ ಕಡೆಯೋರು ಇದ್ರು. ಗಾರೆ ಕೆಲಸ ಮಾಡೋ ಮನುಷ್ಯ, ಮಗನಿಗೆ ಒಂಬತ್ತು ವರ್ಷ, ಒಂದ್ಸಲ ವಾಸಿಯಾಗಿ ವಾಪಸ್ ಬಂದಿತ್ತು ಕಾಯಿಲೆ. ಅವರು ದಿನಾ ಐದು ಹೊತ್ತು ಮೆಟ್ಟಿಲ ಕೆಳಗಿನ ಜಾಗದಲ್ಲಿ ಟವೆಲ್ ಹಾಸ್ಕೊಂಡು ನಮಾಜ್ ಮಾಡೋರು. ಊರಿಗೆ ಹೋಗಿ ಬಂದಾಗ ಬಂದೇನವಾಜ್ ದರ್ಗಾದ ಸಕ್ಕರೆ ಒಂದು ಚೀಟೀಲಿ ಕಟ್ಕೊಂಡು ಬಂದು, ಅರ್ಧ ನನಗೆ ಕೊಟ್ರು. ದರ್ಗಾದ್ದದ ರೀ ಸರ್, ಮಗಳಿಗಿ ಕೊಡ್ರಿ ಅಂದ್ರು. ಮಗಳಿಗೆ ಕೊಡಂಗಿಲ್ಲ ಅಂತ ಅವರಿಗೂ ಗೊತ್ತು, ಅವರ ಮಗನಿಗೂ ಕೊಡಂಗಿಲ್ಲ. ಇಬ್ರೂ ಬಾಯಿಗೆ ಹಾಕ್ಕೊಂಡು ಸುಮ್ನೆ ನಿಂತ್ವಿ.

ಈಗ ಒಂದು ಸೂಕ್ಷ್ಮ ವಿಷಯ ಹೇಳ್ತೀನಿ, ಹರಕೆ ಬಗ್ಗೆ. ಇಂಡಕ್ಷನ್ ಮುಗಿಯೋ ಹೊತ್ತಿಗೆ ಮಗಳಿಗೆ ಜ್ವರ ಏರಿ ಐಸಿಯುಗೆ ಹಾಕಿದ್ರು, ಬಿಪಿ ಬೀಳ್ತಿತ್ತು. ಆ ರಾತ್ರಿ ನಾನು ಹೊರಗಡೆ ಗೋಡೆಗೆ ಒರಗಿಕೊಂಡು ಯಾರಿಗೆ ಅಂತ ಗೊತ್ತಿಲ್ದೆ ಎಲ್ಲಾನೂ ಕೊಡ್ತೀನಿ ಅಂದೆ. ತೋಟ ಕೊಡ್ತೀನಿ, ನನ್ನ ಆಯಸ್ಸು ಕೊಡ್ತೀನಿ. ಬೆಳಗ್ಗೆ ಜ್ವರ ಇಳೀತು. ಇಳಿಸಿದ್ದು ಆಂಟಿಬಯಾಟಿಕ್ಕು, ಅದ್ರಲ್ಲಿ ನನಗೆ ಆಗ್ಲೂ ಡೌಟ್ ಇರ್ಲಿಲ್ಲ ಈಗ್ಲೂ ಇಲ್ಲ. ಜನ ಅನ್ಕೊಳ್ತಾರೆ ಆ ರಾತ್ರಿನೇ ಮೇಷ್ಟ್ರಿಗೆ ದೇವರು ಸಿಕ್ಕಿದ್ದು ಅಂತ. ಅಲ್ಲ. ಅದು ಭಯ. ಭಯದಲ್ಲಿ ಮನುಷ್ಯ ಯಾರ ಜೊತೆ ಬೇಕಾದ್ರೂ ಚೌಕಾಸಿ ಮಾಡ್ತಾನೆ, ಸಂತೇಲಿ ಎಮ್ಮೆ ಮಾರೋನ ಹಂಗೆ ಟವೆಲ್ ಒಳಗೆ ಬೆರಳು ಹಿಡಿದು. ಭಯನ ನಾನು ಕೀಳು ಅಂತಿಲ್ಲ, ನಂಬಿಕೆ ಅಂತ ಮಾತ್ರ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ.

ನನಗೆ ಆಗಿದ್ದು ನಿಧಾನಕ್ಕೆ, ಮಗಳು ಚೇತರಿಸ್ಕೊಳ್ಳೋ ಕಾಲದಲ್ಲಿ. ಹೇಗೆ ಅಂದ್ರೆ, ಸಾಲ ಜಾಸ್ತಿ ಆಗ್ತಾ ಹೋಯ್ತು. ದುಡ್ಡಿನ ಸಾಲ ಅಲ್ಲ.

ಪ್ಲೇಟ್‌ಲೆಟ್ ವಿಷಯಾನೇ ತಗೊಳ್ಳಿ, ರಕ್ತ ಸೋರದಂಗೆ ನಿಲ್ಲಿಸೋ ಕಣ ಅದು. ನಾರ್ಮಲ್ ಆಗಿ ಒಂದೂವರೆ ಲಕ್ಷದ ಮೇಲೆ ಇರ್ಬೇಕು, ನಮ್ಮವಳಿಗೆ ಹತ್ತು ಸಾವಿರದ ಕೆಳಗೆ ಬಂದು ವಸಡಲ್ಲಿ ರಕ್ತ ಬರ್ತಿತ್ತು. ಪ್ಲೇಟ್‌ಲೆಟ್ ಫ್ರಿಜ್ಜಲ್ಲಿಟ್ಟು ಕೂಡಿಡೋ ಸಾಮಾನಲ್ಲ, ರೂಮ್ ಟೆಂಪರೇಚರಲ್ಲಿ ಅಲ್ಲಾಡಿಸ್ತಾ ಇಟ್ರೂ ಐದು ದಿನಕ್ಕೆ ಮುಗೀತು. ಅಂದ್ರೆ ಪ್ರತಿ ಸಲ ಹೊಸದಾಗಿ ಯಾರೋ ಬಂದು ಮೆಷಿನ್ ಪಕ್ಕ ಒಂದು ಗಂಟೆ ಮೇಲೆ ಮಲ್ಕೊಂಡು ಕೊಡ್ಬೇಕು. ಕೊಟ್ರು. ಆಟೋ ಡ್ರೈವರ್ ಒಬ್ರು, ನೈಟ್ ಶಿಫ್ಟ್ ಮುಗಿಸಿ ಬಂದ ಸಾಫ್ಟ್‌ವೇರ್ ಹುಡುಗ, ಇನ್ನು ಎಷ್ಟೋ ಜನರ ಮುಖಾನೇ ನೋಡ್ಲಿಲ್ಲ, ಬ್ಲಡ್ ಬ್ಯಾಂಕಿಂದ ಬ್ಯಾಗ್ ಬರೋದು, ಮೇಲೆ ನಂಬರ್ ಇರೋದು ಹೆಸರಿರಲ್ಲ. ತೆಳು ಹಳದಿ ಬಣ್ಣ, ಎಳ್ಳೆಣ್ಣೆ ಥರ ಕಾಣುತ್ತೆ.

ಆಮೇಲೆ ಔಷಧಿ. ಸೈನ್ಸ್ ಮೇಷ್ಟ್ರಲ್ವಾ, ಮಗಳ ಫೈಲಲ್ಲಿ ಬರೆದಿದ್ದ ಒಂದೊಂದು ಹೆಸರನ್ನೂ ಹುಡುಕಿ ಓದ್ತಾ ಹೋದೆ. ವಿನ್‌ಕ್ರಿಸ್ಟಿನ್ ಅಂತ ಒಂದು, ಅದು ಬರೋದು ಕಾಶಿ ಕಣಗಿಲೆ ಗಿಡದಿಂದ. ನಮ್ಮವ್ವ ದಿನಾ ಬೆಳಗ್ಗೆ ಕಾಂಪೌಂಡ್ ಪಕ್ಕ ಕಿತ್ಕೊಂಡು ಪೂಜೆಗೆ ಇಡೋ ಅದೇ ಗುಲಾಬಿ ಬಣ್ಣದ ಐದು ಎಸಳಿನ ಹೂವು, ನಿತ್ಯಪುಷ್ಪ ಅಂತಾರಲ್ಲ ಅದು. ಟನ್‌ಗಟ್ಲೆ ಎಲೆಯಿಂದ ಕೆಲವೇ ಗ್ರಾಂ ಸಿಗುತ್ತಂತೆ. ಹೂವು ವಾರ್ಡಿನ ಬಾಗಿಲ ಆಚೆ ನಿಲ್ಲಿಸಿದ್ರು, ಅದರ ಗಿಡದ ಸಾರ ಮಾತ್ರ ಮಗಳ ರಕ್ತನಾಳದಲ್ಲಿ ಹೋಗ್ತಿತ್ತು. ಇನ್ನೊಂದು ಮೆಥೊಟ್ರೆಕ್ಸೇಟ್, ಅರಿಶಿನದ ಬಣ್ಣ, ಬೆನ್ನಿಗೆ ಕೊಡೋದು. ಇದರ ಹಿಂದೆ ಇರೋರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹುಡುಗನಾಗಿದ್ದಾಗ ರಾಮಕೃಷ್ಣ ಮಠ ಸೇರಿ ಸನ್ಯಾಸಿ ಆಗ್ಬೇಕು ಅಂತ ಇದ್ದೋರು ಡಾಕ್ಟರ್ ಓದಿ, ಅಮೆರಿಕಕ್ಕೆ ಹೋಗಿ, ಲೆಡರ್ಲಿ ಕಂಪನಿಯ ಲ್ಯಾಬಲ್ಲಿ ಫೋಲಿಕ್ ಆಸಿಡ್ ಮೇಲೆ ಕೆಲಸ ಮಾಡಿದ್ರು. ಅವರ ತಂಡದೋರು ಮಾಡ್ಕೊಟ್ಟ, ಮೆಥೊಟ್ರೆಕ್ಸೇಟ್‌ಗೆ ಅಣ್ಣ ಅನ್ನಬಹುದಾದ ಅಮಿನೋಪ್ಟೆರಿನ್ ಅನ್ನೋ ಔಷಧಿನ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟರ್ ಲ್ಯುಕೇಮಿಯಾ ಇದ್ದ ಮಕ್ಳಿಗೆ ಕೊಟ್ಟು, 1948ರಲ್ಲಿ ಪೇಪರ್ ಬರೆದ್ರು. 16 ಮಕ್ಳು, ಅದ್ರಲ್ಲಿ 10 ಮಕ್ಳಿಗೆ ಗುಣ ಕಾಣಿಸ್ತು. ಗುಣ ಅಂದ್ರೆ ಕೆಲವು ವಾರ, ಕೆಲವು ತಿಂಗಳು ಅಷ್ಟೇ, ಆಮೇಲೆ ಕಾಯಿಲೆ ವಾಪಸ್. ಸುಬ್ಬರಾವ್ ಕೂಡ ಅದೇ ವರ್ಷ ತೀರ್ಕೊಂಡ್ರು.

ಇದನ್ನ ಓದಿದ್ದು ಡೇ ಕೇರ್‌ನಲ್ಲಿ, ಮಗಳ ಕೈಗೆ ಡ್ರಿಪ್ ಹೋಗ್ತಿರೋವಾಗ, ಮೊಬೈಲಲ್ಲಿ. ಓದಿ ಮುಂದಕ್ಕೆ ಹೋಗೋಕೆ ಆಗ್ಲಿಲ್ಲ. ಆ ಬಾಸ್ಟನ್ನಿನ ಅಪ್ಪ ಅಮ್ಮಂದಿರು ಹೂಂ ಅಂದಿದ್ದಕ್ಕೆ ತಾನೇ ಮುಂದಿನ ಡಾಕ್ಟರಿಗೆ ಒಂದು ಹೆಜ್ಜೆ ಸಿಕ್ಕಿದ್ದು. ಅವರ ಮಕ್ಳು ಉಳೀಲಿಲ್ಲ. ಈಗ ಒಳ್ಳೇ ಸೌಲಭ್ಯ ಇರೋ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಳು ಉಳೀತಾರೆ, ಆ ಒಂಬತ್ತರ ಸಾಲಲ್ಲಿ ನನ್ನ ಮಗಳು ಕೂತ್ಕೊಂಡು ಡ್ರಿಪ್ ಕೈಲೇ ಡ್ರಾಯಿಂಗ್ ಮಾಡ್ತಿದ್ದಾಳೆ. ನಾನು ಯಾರಿಗೆ ಕೈಮುಗೀಲಿ ಹೇಳಿ? ಡಾಕ್ಟರಿಗೆ ಮುಗಿದೆ, ಸಿಸ್ಟರಿಗೆ ಮುಗಿದೆ, ಆಟೋ ಡ್ರೈವರ್ ಕಾಲಿಗೆ ಬೀಳೋಕೆ ಹೋದ್ರೆ ಅವರು ಹಿಂದಕ್ಕೆ ಜಿಗಿದ್ರು. ಅಷ್ಟಾದ್ರೂ ಕೈಯಲ್ಲಿ ಇನ್ನೂ ಉಳಿದಿತ್ತು. ಹೆಸರಿಲ್ಲದ ಬ್ಯಾಗಿನೋರಿಗೆ, ಸತ್ತುಹೋದ ಆ ಮಕ್ಳಿಗೆ, ಆ ಗಿಡಕ್ಕೆ, ಸಜ್ಜಿಗೆಗೆ ಎಲ್ಲಾ ಸೇರಿಸಿ ಕೊಡೋಕೆ ಒಂದು ವಿಳಾಸ ಬೇಕಿತ್ತು. ಆವತ್ತು ಸಂಜೆ ರೂಮಿಗೆ ಬಂದಾಗ ನಮ್ಮನೆಯವಳು ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದ ಆಂಜನೇಯನ ಫೋಟೋ ಮುಂದೆ ದೀಪ ಹಚ್ಚಿದ್ಲು, ನಾನು ಹೋಗಿ ಅವಳ ಪಕ್ಕ ನಿಂತೆ. ಅವಳು ತಿರುಗಿ ನೋಡಿ, ರೀ ಜ್ವರ ಏನಾದ್ರೂ ಬಂದಿದ್ಯಾ ಮಗುಗೆ ಅಂತ ಗಾಬರಿಯಾಗಿ ಕೇಳಿದ್ಲು. ಇಲ್ಲ ಕಣೆ, ಸುಮ್ನೆ ಅಂದೆ.

ಅಷ್ಟೇ ನೋಡಿ ನನ್ನ ಕಥೆ. ಬೆಳಕು ಕಾಣಿಸ್ಲಿಲ್ಲ, ಧ್ವನಿ ಕೇಳಿಸ್ಲಿಲ್ಲ.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಸುಳ್ಳಾಗುತ್ತೆ, ಯಾಕಂದ್ರೆ ನನ್ನ ಮಗಳು ಉಳಿದ್ಲು. ಕಲಬುರಗಿಯೋರ ಮಗ ಉಳೀಲಿಲ್ಲ. ಪ್ರಾರ್ಥನೆಯಿಂದ ಮಕ್ಳು ಉಳಿಯೋದಾದ್ರೆ ಉಳೀಬೇಕಾಗಿದ್ದು ಅವರ ಮಗ, ಕೊನೇ ಘಳಿಗೇಲಿ ಬಂದು ನಿಂತ ನನ್ನಂಥೋನ ಮಗಳಲ್ಲ. ಅದಕ್ಕೇ ದೇವರು ನನ್ನ ಮಗಳನ್ನ ಉಳಿಸ್ದ ಅಂತ ನನ್ನ ಬಾಯಲ್ಲಿ ಇವತ್ತಿಗೂ ಬರಲ್ಲ, ಬೇರೆಯೋರು ಅಂದ್ರೆ ಮೈ ಉರಿಯುತ್ತೆ. ಆ ಹುಡುಗ ಹೋಗಿ ಸ್ವಲ್ಪ ದಿನ ಆದ್ಮೇಲೆ ಅವರಪ್ಪ ವಾರ್ಡಿಗೆ ಬಂದ್ರು. ಏನೋ ಪೇಪರ್ ತಗೊಂಡು ಹೋಗೋಕೆ ಅನ್ಕೊಂಡೆ. ಕೈಯಲ್ಲಿ ಕುಕ್ಕರು, ಒಂದು ಕರೆಂಟ್ ಸ್ಟವ್ವು, ವಿಜಿಲ್ ಕಳೆದು ಹೋಗ್ಬಾರ್ದು ಅಂತ ಕುಕ್ಕರ್ ಹಿಡಿಗೆ ದಾರದಲ್ಲಿ ಕಟ್ಟಿದ್ರು. ಹೊಸದಾಗಿ ಬಂದೋರು ಯಾರಿಗಾದ್ರೂ ಕೊಡ್ರಿ ಅಂದ್ರು. ಗ್ಯಾಸ್ಕೆಟ್ ಮೊನ್ನೆ ಬದಲಿಸೀನ್ರಿ ಅಂತಾನೂ ಹೇಳಿದ್ರು. ಆಮೇಲೆ ನನ್ನ ಕಡೆ ತಿರುಗಿ, ಸರ್, ಮಗಳ ಕೌಂಟ್ ಎಷ್ಟ್ ಬಂದದ ರೀ ಅಂತ ಕೇಳಿದ್ರು. ನಾನು ಹೇಳೋಕೆ ಹಿಂದೆ ಮುಂದೆ ನೋಡ್ದೆ, ಕೌಂಟ್ ಚೆನ್ನಾಗಿತ್ತು, ಅದನ್ನ ಅವರ ಮುಂದೆ ಹೇಳೋದು ಹೇಗೆ. ಹೇಳ್ದೆ. ಅವರು ಮುಖ ಮೇಲಕ್ಕೆತ್ತಿ ಶುಕರ್, ಅಂದ್ರೆ ದೇವರಿಗೆ ಥ್ಯಾಂಕ್ಸ್, ಅಂದು, ಐದು ನಿಮಿಷ ಮಗಳ ಜೊತೆ ಹಾವು ಏಣಿ ಆಡಿ ಹೋದ್ರು. ನನ್ನ ಲಾಜಿಕ್ಕಿಗೆ ಆ ಮನುಷ್ಯ ಸಿಗಲ್ಲ. ನಾನು ಹಚ್ಚೋ ದೀಪಕ್ಕೆ ಅರ್ಥ ಇದ್ರೆ ಅವರ ಥರ ನಿಲ್ಲೋಕೆ ಆಗೋದ್ರಲ್ಲಿ ಇದೆ, ನನಗೆ ಅದು ಆಗುತ್ತೋ ಇಲ್ವೋ, ಆ ಪರೀಕ್ಷೆ ನನಗೆ ಬರ್ಲಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು, ಇಲ್ಲಿ ಹಳ್ಳಿ ಸ್ಕೂಲ್ ಮೇಷ್ಟ್ರುಗಳು ಇರೋದ್ರಿಂದ. ಮೊದಲನೇ ತಿಂಗಳು ಮುಗಿದಾಗ ಮಗು ಚೆನ್ನಾಗಿ ಕಾಣುತ್ತೆ, ಆಟ ಆಡುತ್ತೆ, ರಕ್ತದಲ್ಲಿ ಕಾಯಿಲೆ ಕಾಣಲ್ಲ. ಆಗ ಊರಲ್ಲಿ ಯಾರೋ ಹೇಳ್ತಾರೆ, ಸಾಕು ಬಿಡಿ ಆ ವಿಷ ಚುಚ್ಚಿಸಿದ್ದು, ಇಂಥಾ ಕಡೆ ನಾಟಿ ಔಷಧಿ ಕೊಡ್ತಾರೆ, ಇಂಥಾ ದೇವರಿಗೆ ಹರಕೆ ಕಟ್ಕೊಂಡು ಮನೇಲಿರಿ ಅಂತ. ಟ್ರೀಟ್‌ಮೆಂಟ್ ಅರ್ಧಕ್ಕೆ ಬಿಟ್ರೆ ಕಾಯಿಲೆ ವಾಪಸ್ ಬರೋದು ಹೆಚ್ಚು ಕಮ್ಮಿ ಗ್ಯಾರಂಟಿ, ಬಂದಾಗ ಮೊದಲಿಗಿಂತ ಗಟ್ಟಿಯಾಗಿರುತ್ತೆ. ನಮ್ಮ ದೇಶದಲ್ಲಿ ಹೀಗೆ ಮಧ್ಯದಲ್ಲೇ ಬಿಟ್ಟು ಹೋಗೋದ್ರಿಂದ ಕಳ್ಕೊಳ್ಳೋ ಮಕ್ಳು ಇದ್ದಾರೆ. ನಿಮ್ಮ ಕ್ಲಾಸಲ್ಲಿ ಅಂಥ ಮಗು ಇದ್ರೆ ಮನೆಗೆ ಹೋಗಿ ಕೂತು ಮಾತಾಡಿ. ಹರಕೆ ಹೊತ್ಕೊಳ್ಳೋರು ಹೊತ್ಕೊಳ್ಳಲಿ, ಜಗಳ ಆಡ್ಬೇಡಿ, ರಾತ್ರಿ ಮಾತ್ರೆ ತಪ್ಪಬಾರ್ದು ಅಂತ ಮಾತ್ರ ನೋಡ್ಕೊಳ್ಳಿ. ಈ ಕೆಲಸಕ್ಕೆ ನನ್ನ ಹಳೇ ಬ್ಯಾಗೂ ಬೇಕು, ಸಂಸ್ಕೃತ ಮೇಷ್ಟ್ರೂ ಬೇಕು. ನಾವಿಬ್ರೂ ಒಂದು ಮನೆಗೆ ಜೊತೇಲಿ ಹೋಗಿದ್ವಿ. ನಾನು ಅರ್ಧ ಗಂಟೆ ಸೈನ್ಸ್ ಹೇಳ್ದೆ, ಅವರು, ದೇವರೇ ಆ ಡಾಕ್ಟರ್ ಕೈಲಿ ಔಷಧಿ ಕೊಡಿಸ್ತಿರೋದು, ಬೇಡ ಅನ್ನೋಕೆ ನೀವ್ಯಾರು ಅಂತ ಒಂದೇ ಮಾತು ಅಂದ್ರು. ಮಾರನೇ ದಿನ ಆ ಮನೆಯೋರು ಆಸ್ಪತ್ರೆಗೆ ಬಸ್ ಹತ್ತಿದ್ರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು ಅನ್ನಿ.

(ಇಲ್ಲಿಂದ ಪ್ರಶ್ನೆಗಳು.)

ಒಬ್ಬ ಹುಡುಗ, ನಮ್ಮ ವಿಜ್ಞಾನ ಸಂಘದೋನೇ, ಥ್ಯಾಂಕ್ಸ್ ಹೇಳೋಕೆ ದೇವರು ಯಾಕೆ ಬೇಕು ಸಾರ್, ಹೋಗಿ ರಕ್ತ ಕೊಡಿ ಸಾಕಲ್ವಾ ಅಂತ ಕೇಳ್ದ. ಒಳ್ಳೇ ಪ್ರಶ್ನೆ. ಕೊಡ್ತೀನಪ್ಪ, ಕೊಟ್ಟು ಬಂದ್ಮೇಲೂ ಉಳಿಯುತ್ತೆ. ನಿನಗೆ ಉಳೀದೆ ಇದ್ರೆ ನಿನಗೆ ದೇವರು ಬೇಕಾಗಿಲ್ಲ, ನಾನೇನೂ ಬಲವಂತ ಮಾಡಲ್ಲ. ದಿನಾ ಏನಾದ್ರೂ ಕೇಳ್ಕೊಳ್ತೀರಾ ಅಂತಾನೂ ಕೇಳ್ದ. ಸಾಮಾನ್ಯವಾಗಿ ಕೇಳಲ್ಲ. ಆದ್ರೆ ಮಗಳ ಟ್ರೀಟ್‌ಮೆಂಟ್ ಮುಗಿದು ವರ್ಷಗಳಾದ್ರೂ ಅವಳಿಗೆ ಜ್ವರ ಬಂದ ದಿನ ಕೇಳ್ತೀನಿ, ನಾಚಿಕೆ ಬಿಟ್ಟು ಕೇಳ್ತೀನಿ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ರು ಮೇಡಂ ಎದ್ದು, ನನ್ನ ಮಗ ಹೋಗಿ ಮೂರು ವರ್ಷ ಆಯ್ತು, ನಾನು ಯಾರಿಗೆ ಥ್ಯಾಂಕ್ಸ್ ಹೇಳ್ಲಿ ಸಾರ್ ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, ಇಲ್ಲಮ್ಮ ಅಂತಾನೇ ಅಂದೆ. ಕಾರ್ಯಕ್ರಮ ಮುಗಿದ್ಮೇಲೆ ಅವರ ಪಕ್ಕ ಹೋಗಿ ಕೂತೆ. ಮಗನ ಫೋಟೋ ತೋರಿಸಿದ್ರು, ಕಬಡ್ಡಿ ಟೀಮ್ ಕ್ಯಾಪ್ಟನ್ನಂತೆ. ಅವರು ಹೇಳಿದ್ದೆಲ್ಲ ಇಲ್ಲಿ ಬರೆಯಲ್ಲ.

ಕೊನೇಲಿ ಪ್ಲೇಟ್‌ಲೆಟ್ ಕೊಡೋದು ಹೇಗೆ ಅಂತ ಸುಮಾರು ಜನ ಕೇಳಿದ್ರು, ಅದನ್ನ ಇಲ್ಲೂ ಹಾಕ್ತೀನಿ. 18 ತುಂಬಿರ್ಬೇಕು, 60ರ ಒಳಗಿರ್ಬೇಕು, ತೂಕ 50 ಕೆಜಿ ಮೇಲೆ ಇರ್ಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತಗೊಂಡಿರ್ಬಾರ್ದು. ಊಟ ಮಾಡ್ಕೊಂಡು ಹೋಗಿ, ಮೊದ್ಲು ಟೆಸ್ಟ್ ಮಾಡಿ ಕೈಯಲ್ಲಿ ನರ ಚೆನ್ನಾಗಿ ಸಿಗುತ್ತಾ ಅಂತ ನೋಡ್ತಾರೆ, ಮೆಷಿನ್ನು ಪ್ಲೇಟ್‌ಲೆಟ್ ಮಾತ್ರ ತಗೊಂಡು ಉಳಿದ ರಕ್ತ ನಿಮಗೇ ವಾಪಸ್ ಕೊಡುತ್ತೆ, ತುಟಿ ಸ್ವಲ್ಪ ಜುಮ್ ಅನ್ನಬಹುದು, ಹೇಳಿದ್ರೆ ಕ್ಯಾಲ್ಸಿಯಂ ಕೊಡ್ತಾರೆ. ಆವತ್ತು ಬಾಗಿಲ ಹತ್ರ ಇಟ್ಟಿದ್ದ ನೋಟ್‌ಬುಕ್ಕಲ್ಲಿ ಹೆಸರು ಬರೆದೋರು ಬ್ಲಡ್ ಗ್ರೂಪ್ ಬರೆಯೋದು ಮರೆತಿದ್ದೀರಿ ಅರ್ಧಕ್ಕರ್ಧ ಜನ, ದಯವಿಟ್ಟು ಮೆಸೇಜ್ ಮಾಡಿ.